ಹತ್ತೇ ಹತ್ತು

ಹನ್ನೆರಡಂಕಿಯ ಕ್ಯಾಲ್ಕುಲೇಟರ್, ಬೂದು ಬಣ್ಣ,
ಮೇಜಿನ ಮೇಲೆ ಗಟ್ಟಿಯಾಗಿ ಕೂರುವಂಥದು.
ಅಬ್ದುಲ್ ರೆಹಮಾನ್ ಸ್ಟ್ರೀಟಿನ ಮುಸ್ತನ್ಸಿರ್ ಭಾಯಿ
ಗಾಜಿನ ಹಿಂದೆ ಸಾಲಾಗಿ ಇಟ್ಟಿದ್ದಾನೆ, ಆರು.
ಚೀಟಿಯಲ್ಲಿ ಆರುನೂರ ನಲವತ್ತು.
ಕೇಳಿದರೆ ಮೂವತ್ತಕ್ಕೆ ಇಳಿಯುತ್ತಾನೆ,
ಕೇಳದಿದ್ದರೆ ಬೇಜಾರು ಮಾಡಿಕೊಳ್ಳುತ್ತಾನೆ.

ನಾನು ಕೊಟ್ಟದ್ದು ಎಂಟುನೂರ ಇಪ್ಪತ್ತು.
ಪಾರ್ಸಲ್ಲಿಗೆ ಎಂಬತ್ತೈದು ಬೇರೆ.

ಹದಿನೆಂಟು ವರ್ಷ ಮಸ್ಜಿದ್ ಬಂದರಿನ ಆಫೀಸಿನಲ್ಲಿ
ಇನ್ನೊಬ್ಬರ ಬಿಲ್ಲು ಹಿಡಿದು
ಇದ್ಯಾಕೆ ಹೆಚ್ಚು ಎಂದು ಕೆಂಪು ಗೀಟೆಳೆದು
ಸಂಬಳ ತಗೊಂಡವಳು ನಾನು.
ನನ್ನ ಬಿಲ್ಲಿಗೆ ಗೀಟೆಳೆಯುವವರು ಮನೆಯಲ್ಲಿ ಯಾರೂ ಇಲ್ಲ.
ಇರುವ ಜಾಗದ ಹೆಸರೋ ಕಳವಾ;
ಕನ್ನಡದ ಕಿವಿಗೆ ಅಲ್ಲೇ ಒಂದು ಅನುಮಾನ.

ಶುರುವಾದದ್ದು ಮುನ್ನೂರಕ್ಕೆ, ಮಂಗಳವಾರ.
ಮುನ್ನೂರಕ್ಕೆ ಯಾರು ಬಿಡುತ್ತಾರೆ?
ಒತ್ತಿದೆ. ಎರಡು ದಿನ ಅದು ನನ್ನದೇ.
ಊಟದ ಡಬ್ಬಿ ತೊಳೆಯುತ್ತ
ಅದರ ಗುಂಡಿಗಳ ಸದ್ದು ಕೇಳಿಸಿಕೊಂಡೆ,
ಆಫೀಸಿನ ಮೇಜಿನ ಮೇಲೆ ಸ್ಟ್ಯಾಪ್ಲರ್ ಸರಿಸಿ
ಒಂದು ಗೇಣು ಜಾಗ ಮಾಡಿಟ್ಟೆ.

ಗುರುವಾರ ರಾತ್ರಿ ಅವನು ಬಂದ.
ಅಥವಾ ಅವಳು. ಹೆಸರೆಂಬುದಿಲ್ಲ:
ಎಸ್, ಮೂರು ಚುಕ್ಕಿ, ಕೊನೆಗೊಂದು ನಾಲ್ಕು.
ಮುನ್ನೂರ ಹತ್ತು ಅಂದ.
ನನ್ನ ಮೇಜಿನಿಂದಲೇ ಎತ್ತಿಕೊಂಡು ಹೋದ ಹಾಗಾಯಿತು.
ಇನ್ನು ಇದು ಕೊಳ್ಳುವುದಲ್ಲ,
ಬಿಡಿಸಿಕೊಳ್ಳುವುದು.

ನಮ್ಮ ಲೇಡೀಸ್ ಡಬ್ಬಿಯಲ್ಲಿ ಒಂದು ಕಾಯಿದೆ:
ಹತ್ತಿದ ಕೂಡಲೇ ಕೂತವಳನ್ನು ಕೇಳಬೇಕು, ಎಲ್ಲಿ ಇಳೀತೀರಿ?
ಕುರ್ಲಾ ಅಂದಳೋ, ಆ ಸೀಟು ಆಗಲೇ ನಿಮ್ಮದು,
ಅವಳಿನ್ನೂ ಅದರ ಮೇಲೆ ಕೂತಿದ್ದರೂ.
ಮೊನ್ನೆ ಅಂಥದೊಂದು ಸೀಟಿಗೆ ಪುಷ್ಪಲತಾ ಘರತ್
ಬಳೆ ಒಡೆಯುವ ಹಾಗೆ ಜಗಳವಾಡಿದಳು.
ಗೆದ್ದು ಕೂತಳು. ಸೆರಗು ಸರಿಮಾಡಿಕೊಂಡಳು.
ಎದ್ದಳು.
ಮುಂದಿನ ಸ್ಟೇಷನ್ನೇ ಅವಳದು.
ನಾವೆಲ್ಲ ನಕ್ಕೆವು. ನಾನು ತುಸು ಜಾಸ್ತಿಯೇ ನಕ್ಕೆ.

ಹತ್ತೇ ಹತ್ತು ರೂಪಾಯಿ. ಒಂದು ಕಟಿಂಗ್ ಚಹಾ.
ಒಂದು ಚಹಾಕ್ಕೆ ಸೋಲುವುದೇ ಎಂದು ಹತ್ತು,
ಇಷ್ಟು ದೂರ ಬಂದು ಈಗ ಬಿಡುವುದೇ ಎಂದು ಹತ್ತು,
ಆಮೇಲೆ ಕಾರಣವನ್ನೂ ಕೇಳಿಕೊಳ್ಳದೆ.
ಇಪ್ಪತ್ತಾರು ಸಲ ಒತ್ತಿದ್ದೇನೆ, ಪಟ್ಟಿ ಇದೆ.
ಆರುನೂರ ನಲವತ್ತು ದಾಟಿದ್ದು ಕಾಣಲೇ ಇಲ್ಲ,
ಫಾಸ್ಟ್ ಗಾಡಿಯಲ್ಲಿ ಕೂತವರಿಗೆ
ಕಾಂಜೂರ್ ಮಾರ್ಗದ ಬೋರ್ಡು ಕಾಣದ ಹಾಗೆ.
ಮುಸ್ತನ್ಸಿರ್ ಭಾಯಿಯ ಹತ್ತಿರ ಹತ್ತು ಇಳಿಸಲು
ಕಾಲು ಗಂಟೆ ನಿಲ್ಲುವವಳು,
ಹತ್ತು ಏರಿಸಲು ಕಾಲು ನಿಮಿಷ ತಗೊಳ್ಳಲಿಲ್ಲ.

ಹನ್ನೊಂದೂ ಐವತ್ತೊಂಬತ್ತು.
ಎಸ್ ಸುಮ್ಮನಾದ.
ಪರದೆಯ ಮೇಲೆ: ಅಭಿನಂದನೆ, ನೀವು ಗೆದ್ದಿದ್ದೀರಿ.
ಅಂಗಡಿಯಲ್ಲಿ ಯಾರೂ ಹಾಗನ್ನುವುದಿಲ್ಲ.
ಚಿಲ್ಲರೆ ಕೊಡುತ್ತಾರೆ, ಅಷ್ಟೆ.

ಪಾರ್ಸಲ್ ಬಂತು. ಮೊದಲ ಲೆಕ್ಕ ಅದರಲ್ಲೇ:
ಎಂಟುನೂರ ಇಪ್ಪತ್ತು, ಕೂಡು ಎಂಬತ್ತೈದು,
ಕಳೆ ಆರುನೂರ ನಲವತ್ತು.
ಇನ್ನೂರ ಅರವತ್ತೈದು ಎಂದಿತು, ಸಂಕೋಚವಿಲ್ಲದೆ.
ಒಳ್ಳೆಯ ಕ್ಯಾಲ್ಕುಲೇಟರ್.
ಬೆಲೆ ಕೇಳಿದವರಿಗೆ ಆರುನೂರು ಅಂದಿದ್ದೇನೆ.

ಆದರೂ ಆ ಇನ್ನೂರ ಅರವತ್ತೈದನ್ನು
ಯಾವ ಕಾಲಮ್ಮಿಗೆ ಬರೆಯಲಿ?
ಎಸ್ ಬಾರದಿದ್ದರೆ ಮುನ್ನೂರಕ್ಕೇ ಸಿಗುತ್ತಿತ್ತು, ನಿಜ.
ಆಗ ದಾರ ಬಿಚ್ಚುತ್ತ ಕೂತು ಯೋಚಿಸುತ್ತಿದ್ದೆ,
ಯಾರಿಗೂ ಬೇಡವಾದದ್ದು ನನಗ್ಯಾಕೆ ಬೇಕಾಯಿತು?
ಕೆಳಗಿನ ವಡಾಪಾವ್ ಗಾಡಿಯೂ ಒಲೆ ಆರಿಸಿದ ಹೊತ್ತಿನಲ್ಲಿ
ಎಲ್ಲೋ ಒಂದು ಕೋಣೆಯಲ್ಲಿ ಒಬ್ಬರು ಎಚ್ಚರವಿದ್ದರು.
ನಾನು ಒತ್ತಿದ ಕೂಡಲೇ ಒತ್ತುತ್ತಿದ್ದರು.

ಮಾರನೆಯ ದಿನ ಅವರು ಆರಾಮಾಗಿ ಅಂಗಡಿಗೆ ಹೋಗಿ
ಹತ್ತು ಇಳಿಸಿ ತಂದಿರಬೇಕು.
ಗಾಜಿನ ಹಿಂದೆ ಈಗ ಐದೇ ಇವೆ.
ಎದುರಿನ ಫುಟ್‌ಪಾತಿನಿಂದ ಎಣಿಸಿದೆ.