ಅಡಿಟಿಪ್ಪಣಿ

ರಂಗಸಿದ್ಧಾಂತ ಮತ್ತು ಪ್ರಯೋಗ, ಸ್ನಾತಕೋತ್ತರ ಮೊದಲ ವರ್ಷ,
ಮೂರನೇ ಮಹಡಿ, ಹೀಟರು ಕೆಟ್ಟ ಕೋಣೆ.
ಒಂಬತ್ತು ಜನ ನಾವು, ಇನ್ನೂ ಮೀಸೆ ಚಿಗುರಿದ್ದಕ್ಕೇ ಬೀಗುತ್ತಿದ್ದವರು.
ಹತ್ತನೆಯವಳು ಲಮಾರಾ. ಐವತ್ತನಾಲ್ಕು.
ಚಿಯಾತುರಾದ ಗಣಿಯೂರಿಂದ ಸೋಮವಾರ ನಸುಕಿಗೇ
ಮಿನಿಬಸ್ಸು ಹತ್ತಿ ತಿಬಿಲಿಸಿಗೆ ಬರುವಳು,
ಕೋಟಿನ ಜೇಬಲ್ಲಿ ಮೊಂಡು ಪೆನ್ಸಿಲ್ಲು,
ಚೀಲದಲ್ಲಿ ಚೀಸು ತುಂಬಿದ ರೊಟ್ಟಿ, ತರಗತಿಗೆಲ್ಲ ಸಾಲುವಷ್ಟು.

ಇಪ್ಪತ್ತೊಂಬತ್ತು ವರ್ಷ ಪ್ರಾಂಪ್ಟರ್ ಆಗಿದ್ದವಳು.
ಹಳೆಯ ನಾಟಕಶಾಲೆಗಳಲ್ಲಿ ರಂಗದ ಮುಂದಂಚಿಗೆ
ಆಮೆಚಿಪ್ಪು ಕವುಚಿದಂಥ ಗೂಡೊಂದು ಇರುತ್ತದಲ್ಲ,
ಅದರೊಳಗೆ ಎದೆಮಟ್ಟ ನೆಲದಡಿ ನಿಂತು
ರಾಜರಿಗೆ, ವಿಧವೆಯರಿಗೆ, ಕುಡುಕ ಡಾಕ್ಟರಿಗೆ
ಗಂಟಲಲ್ಲಿ ಸಿಕ್ಕ ಮಾತನ್ನು
ಅರ್ಧ ಉಸಿರಲ್ಲಿ ದಾಟಿಸಿದವಳು.
ಚಪ್ಪಾಳೆ ಬೀಳುವಾಗ ಧೂಳೂ ಬೀಳುತ್ತಿತ್ತಂತೆ, ತಲೆಯ ಮೇಲೆ.

ನಾವೋ, ದೇಹ, ಸ್ಥಳ, ಸನ್ನಿಧಿ ಎಂದೆಲ್ಲ
ನಾಲಿಗೆ ಹೊರಳದ ಪದಗಳನ್ನು ಒಬ್ಬರ ಮೇಲೊಬ್ಬರು ಎಸೆಯುತ್ತಿದ್ದೆವು.
ಅವಳು ಬರೆದುಕೊಳ್ಳುವಳು. ಆಮೇಲೆ ಕಾರಿಡಾರಿನಲ್ಲಿ ನನ್ನ ತೋಳು ಹಿಡಿದು,
‘ತೋರ್ನಿಕೆ, ಸನ್ನಿಧಿ ಅಂದರೆ
ಬೂಟಿನ ಕಿರ್‍ರ್ ಸದ್ದೂ ಸೇರಿತೋ ಇಲ್ಲವೋ?’

ಅವಳ ಪ್ರಬಂಧ ಎಂಬತ್ತು ಪುಟ, ವಾದ ಒಂದೇ:
ಮರೆವು ಬಾಯಲ್ಲಿ ಹುಟ್ಟುವುದಿಲ್ಲ, ಹಿಮ್ಮಡಿಯಲ್ಲಿ ಹುಟ್ಟುತ್ತದೆ.
ಮಾತು ತಪ್ಪುವ ಮೂರು ಸಾಲು ಮೊದಲೇ
ಹಿಮ್ಮಡಿ ಕೂದಲೆಳೆಯಷ್ಟು ಮೇಲೇಳುತ್ತದೆ,
ಕತ್ತಲಲ್ಲಿ ಇಲ್ಲದ ಮೆಟ್ಟಿಲನ್ನು ಹುಡುಕುವ ಕಾಲಿನ ಹಾಗೆ.
ನಟನಿಗೆ ಗೊತ್ತಿರುವುದಿಲ್ಲ.
ಕೆಳಗಿದ್ದವರಿಗೆ ಗೊತ್ತಿರುತ್ತದೆ.

ಪ್ರತಿ ಪುಟದ ಬುಡದಲ್ಲೂ ಅದೇ ಅಡಿಟಿಪ್ಪಣಿ:
ನೋಡಿದ್ದು, ಗೂಡಿನಿಂದ. ನೋಡಿದ್ದು, ಗೂಡಿನಿಂದ, ಕರೆಂಟಿಲ್ಲದ ಚಳಿಗಾಲ.
ಬೋಂದೊ ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೀಚಿದರು:
ಇದು ಆಕರವಲ್ಲ.
ಅವಳು ಅದನ್ನೂ ಟಿಪ್ಪಣಿಗೆ ಸೇರಿಸಿದಳು.

ಮೌಖಿಕ ಪರೀಕ್ಷೆಯ ದಿನ, ಪರೀಕ್ಷಕರು ಮೂವರು,
ಮೇಜು, ನೀರಿನ ಹೂಜಿ, ಹಸಿರು ಬಟ್ಟೆ.
‘ಇಲ್ಲಲ್ಲ,’ ಅಂದಳು, ‘ಕೆಳಗೆ ಬನ್ನಿ.’
ಕಾಲೇಜಿನ ಗೂಡನ್ನು ಬಾಗಿಲು ಕಿತ್ತ ಅಲ್ಮೇರಾದಿಂದ
ಹಿಂದಿನ ರಾತ್ರಿ ನಾವೇ ಹೂಡಿದ್ದೆವು.
ಅದರಲ್ಲಿ ಹಿಡಿದದ್ದು ಎತೆರಿ ಮೇಡಂ ಒಬ್ಬರೇ, ಅದೂ ಕನ್ನಡಕ ತೆಗೆದು.
ಲಮಾರಾ ಅವರ ಕಿವಿಗೆ ಅಂಟಿ ನಿಂತಳು.
ಮೇಲೆ ನಾನು, ಸೋತ ರಾಜನೊಬ್ಬನ ಮಾತು, ಇಪ್ಪತ್ತು ಸಾಲು,
ನಿದ್ದೆಗಣ್ಣಲ್ಲೂ ಒಪ್ಪಿಸಬಲ್ಲೆ.

ಹನ್ನೊಂದನೆಯ ಸಾಲಿನಲ್ಲಿದ್ದೆ.
ಕೆಳಗಿಂದ ಮೆಲ್ಲನೆ ಬಂತು ಹದಿನಾಲ್ಕನೆಯದರ ಮೊದಲ ಪದ: ‘ಕುದುರೆಗಳು...’
ನಾನು ಮರೆತಿರಲಿಲ್ಲ.
ಹನ್ನೆರಡು ಹೇಳಿದೆ. ಹದಿಮೂರು ಹೇಳಿದೆ.
ಆಮೇಲೆ ಬಿಳೀ ಗೋಡೆ. ಗೋಡೆಯಲ್ಲಿ
ಅವಳು ಬಿಟ್ಟುಹೋದ ಒಂದೇ ಕಿಟಕಿ, ಕುದುರೆಗಳು.

ನಲವತ್ತು ನಿಮಿಷ ಜಗಳ. ಬೋಂದೊ ಮೇಷ್ಟ್ರು ಮೇಜು ಗುದ್ದಿ,
‘ನೀವು ಹೇಳಿದ್ದಕ್ಕೇ ಅವನು ಮರೆತ!’
ಲಮಾರಾ ತುಸು ಯೋಚಿಸಿ, ‘ಇರಬಹುದು,’ ಅಂದಳು,
‘ಇಪ್ಪತ್ತೊಂಬತ್ತು ವರ್ಷ ನನ್ನನ್ನೂ ಕಾಡಿದ್ದು ಅದೇ.’
ಕೂದಲಿಗೆ ಜೇಡದ ಬಲೆ ಮೆತ್ತಿಕೊಂಡಿದ್ದ ಎತೆರಿ ಮೇಡಂ
ಮಾತೇ ಆಡದೆ ನನ್ನ ಬೂಟನ್ನೇ ನೋಡುತ್ತಿದ್ದರು.
ಎಡಗಾಲಿನ ಅಟ್ಟೆ ತೂತಾಗಿತ್ತು. ನನಗೆ ಆಗಲೇ ಗೊತ್ತಾದದ್ದು.

ಎಪ್ಪತ್ತೊಂದು ಅಂಕ.
ಗ್ರಂಥಸೂಚಿ ಸರಿಯಿಲ್ಲವೆಂದು ಒಂಬತ್ತು ಕಳೆದಿದ್ದರು.

ಜೂನಿನ ಕೊನೆಗೆ ಅವಳನ್ನು ಬಸ್ಸು ಹತ್ತಿಸಲು ಹೋದೆ.
ಚೀಲ ಎತ್ತಿಕೊಟ್ಟೆ. ಖಾಲಿ ಚೀಲ, ಹಗುರ.
ಮೆಟ್ಟಿಲ ಮೇಲೆ ನಿಂತವಳು ನನ್ನ ಕಾಲ ಕಡೆಗೊಮ್ಮೆ ನೋಡಿ
ಅರ್ಧ ಉಸಿರಲ್ಲಿ ಏನೋ ಒಂದು ಪದ ಅಂದಳು.
ಎಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲ.

ಅವಳಿಗೆ ನಾನು ಏನೋ ಹೇಳಬೇಕೆಂದಿದ್ದೆ.
ಇನ್ನೂ ನೆನಪಾಗಿಲ್ಲ.