ತೂಕದ ಮುಳ್ಳು

ಗುಳೇದಗುಡ್ಡದ ಅಂಗನವಾಡಿ, ಮಂಗಳವಾರ.
ತಕ್ಕಡಿ ಇಡಾಕ ನೆಲ ಸಮ ಇಲ್ಲ.
ಹಳೇ ಹಾಜರಿ ಪುಸ್ತಕದ ರಟ್ಟು ಒಂದು ಮೂಲಿಗೆ ತುರುಕಿ
ಮುಳ್ಳು ಸೊನ್ನಿಗೆ ತಂದೆ.

ಶಾಕಂಬರಿ ಬಂದಳು, ಐದು ತಿಂಗಳು.
ಬರಗಾಲದಾಗ ಲೋಕಕ್ಕೆಲ್ಲ ಕಾಯಿಪಲ್ಲೆ ಉಣಿಸಿದ ದೇವಿ ಹೆಸರು.
ಚಪ್ಪಲಿ ಬಿಟ್ಟು, ಸೆರಗು ಬಿಗಿದು,
ಪರೀಕ್ಷಾಕ್ಕ ಕುಂತವರಂಗ ಉಸುರು ಹಿಡಿದು ಹತ್ತಿದಳು.
ಮೂವತ್ತೆಂಟು.
ತಾಯಿ ಕಾರ್ಡಿನ್ಯಾಗ ಬರಿಯೂ ಮುಂಚೆ
ಇಳಿಸಿ ಮತ್ತೊಮ್ಮೆ ಹತ್ತಿಸಿದೆ.
ಮೂವತ್ತೆಂಟಽ.

"ರಾತ್ರಿಗೆ ಒಂದಽ ರೊಟ್ಟಿ ಕೊಡ್ತೀನಿ,"
ಅತ್ತಿ ಹುಚ್ಚೀರವ್ವ, ಹೆಮ್ಮಿಲೆ.
"ಕೂಸು ಸಣ್ಣದಿದ್ರ ಹೆರಿಗಿ ಹಗುರ.
ಉಂಡು ಉಂಡು ನಿಂದೇನಾತು, ಸಿಸ್ಟರ?"

ಊರಿಗೆಲ್ಲ ಗೊತ್ತಿದ್ದ ಮಾತು.
ತೊಂಬತ್ತೊಂದು ಕಿಲೋ ಇದ್ದೆ ನಾ ಆವಾಗ.
ರಕ್ತದಾಗ ಸಕ್ರಿ. ಹೊಟ್ಟಿ ಕೊಯ್ದು ತಗದ ಮಗಳು
ನಾಕು ಕಿಲೋಕ್ಕೂ ಮ್ಯಾಲೆ, ಗುಂಡಗ;
ನೋಡಾಕ ಬಂದವರೆಲ್ಲ ನೆಟಿಕಿ ಮುರದ್ರು.
ಅದಽ ಗುಂಡು ಕೂಸು ತಾಸಿನ್ಯಾಗ ಸಕ್ರಿ ಇಳದು ನಡುಗಿ
ಬಾಗಲಕೋಟಿಯ ಗಾಜಿನ ಪೆಟ್ಟಿಗ್ಯಾಗ ಮೂರು ದಿನ.
ಹಾಲು ನನ್ನ ಕುಪ್ಪಸ ತೋಯಿಸಿತು, ಒಣಗಿತು, ತೋಯಿಸಿತು.
ಯಾವ ತಾಯಂದಿರ ಸಭಾದಾಗೂ ಹೇಳಿದ್ದಿಲ್ಲ.
ಅವತ್ತು ಹೇಳಿದೆ.

"ಮತ್ತ? ನಾ ಅಂದದ್ದಽ ಖರೇ ಆತಲ್ಲ!"

ಏನನ್ನಲಿ?
ಆಕಿ ನಡಮನ್ಯಾಗ, ಮಗ್ಗದ ಬಾಜೂಕ
ರೇಷ್ಮಿ ತೂಗೂ ಸಣ್ಣ ತಕ್ಕಡಿ ತೂಗತೈತಿ, ಕಂಡೀನಿ.
ಸಾವ್ಕಾರ ತೂಗಿ ಕೊಟ್ಟ ನೂಲು, ತೂಗಿ ಒಪ್ಪಿಸೂ ಖಣ,
ಗುಂಜಿ ಕಮ್ಮಿ ಬಿದ್ರ ಕೂಲ್ಯಾಗ ಮುರಕೋತಾನ.
"ಹುಚ್ಚೀರವ್ವ, ಅಷ್ಟಽ ನೂಲಿನ್ಯಾಗ
ಇನ್ನೊಂದು ಖಣ ನೇದು ಕೊಡು ಅಂದ್ರ ಸಾವ್ಕಾರ?"

"ಎಲ್ಲಿಂದ ತರ್ಲೆವ್ವ? ಉಟ್ಟಿದ್ದು ಬಿಚ್ಚಿ ನೇಯಬೇಕು."

"ಈಕಿ ಮೈ ಬಿಚ್ಚಿ ನೇಯಾಕತ್ತಾಳ."

ಮುದುಕಿ ಸೊಸಿಯ ಮುಂಗೈ ಹಿಡದಳು,
ಬೆರಳು ಸುತ್ತ ಬಂದು ಒಂದರ ಮ್ಯಾಲೊಂದು ಹೊಂಟು ಹೋದುವು.
ಬಿಟ್ಟಳು. ಮಾತಾಡಲಿಲ್ಲ. ರೊಟ್ಟಿ ಬಗ್ಗೆನೂ.

ಮುಂದಿನ ತಿಂಗಳು
ಶಾಕಂಬರಿ ಸೆರಗಿನ ಗಂಟಿನ್ಯಾಗ ಎರಡು ಶೇಂಗಾ ಉಂಡಿ.
ನಲವತ್ತು, ಒಂದು ಗೀಟು ಕಮ್ಮಿ.
"ಗಂಟು ಬಿಚ್ಚಿ ಇಡು," ಅಂದ್ಲು ಅತ್ತಿ, ಲೆಕ್ಕದಾಕಿ,
"ಹೊಟ್ಟ್ಯಾಗ ಹೋದದ್ದಽ ತೂಕ."
ಹುಡುಗಿ ಇಳೀಲಿಲ್ಲ.
ತಕ್ಕಡಿ ಮ್ಯಾಲೆ ನಿಂತಽ ತಿಂದಳು,
ಒಂದು, ಆಮ್ಯಾಲೆ ಇನ್ನೊಂದು, ಪುಡಿನೂ ಬಿಡದಂಗ.
ಮುಳ್ಳು ಕದಲಲಿಲ್ಲ.
ಮೂವರೂ ಅದನ್ನಽ ನೋಡಕೋತ ನಿಂತಿದ್ವಿ.