ಮೆಗಾಬ್ಲಾಕ್

ಚಿಂಚ್‌ಪೋಕಳಿ ಸೇತುವೆ ಇಳಿದು ಎಡಕ್ಕೆ ಹೊರಳಿದರೆ
ಹಿಟ್ಟಿನ ಗಿರಣಿ, ಅದಕ್ಕೆ ಆತುಕೊಂಡು ನಮ್ಮ ಥಿಯೇಟರು.
ಗೋಡೆಯಾಚೆಯೇ ರೈಲು ಹಳಿ.
ಕಟ್ಟಿಸಿದವನಿಗೆ ಬುದ್ಧಿ ಇರಲಿಲ್ಲ ಎನ್ನುತ್ತಾರೆ;
ಜಾಗ ಅಗ್ಗಕ್ಕೆ ಸಿಕ್ಕಿತ್ತು ಎಂಬುದು ನನ್ನ ಲೆಕ್ಕ.

ಲೆಕ್ಕ ಬರೆಯುವವನು ನಾನೇ. ಇಪ್ಪತ್ತಾರು ವರ್ಷ.
ಲಾಭಕ್ಕಾಗಿ ಅಲ್ಲ, ಎಂದು ಟ್ರಸ್ಟಿನ ಕಾಗದದ ತಲೆಯ ಮೇಲೆ ಅಚ್ಚಾಗಿದೆ.
ನಷ್ಟಕ್ಕಾಗಿ ಎಂದು ಎಲ್ಲೂ ಬರೆದಿಲ್ಲ.
ಅದು ಕರೆಯದ ನೆಂಟರ ಹಾಗೆ
ಮಾರ್ಚ್ ಮೂವತ್ತೊಂದಕ್ಕೆ ತಪ್ಪದೆ ಬಂದು
ತಾನೇ ಚಾಪೆ ಹಾಸಿಕೊಳ್ಳುತ್ತದೆ.

ಮುನ್ನೂರ ಹನ್ನೆರಡು ಕುರ್ಚಿ. ಹನ್ನೊಂದಕ್ಕೆ ಬೆನ್ನಿಲ್ಲ.
ಬೆನ್ನಿದ್ದವುಗಳ ಹಿಂದೆ ಬಿಳಿ ಬಣ್ಣದ ಹೆಸರು:
ಬಾಬಿನ್ ಖಾತೆಯವರು, ನೇಯ್ಗೆಯ ರಾತ್ರಿ ಪಾಳಿಯವರು,
ತಲಾ ಎರಡು ರೂಪಾಯಿ ಹಾಕಿ ಕೊಂಡ ಕುರ್ಚಿಗಳು.
ಮಿಲ್ಲು ಹೋಯಿತು, ಪಾಳಿ ಹೋಯಿತು.
ಹೆಸರಿಗೆ ಈಗ ಕಾಲೇಜು ಹುಡುಗರ ಮೊಣಕಾಲು.

ಅಪ್ಪ ಇಲ್ಲಿಯ ಕ್ಯಾಂಟೀನಿನಲ್ಲಿ ಲೋಟ ತೊಳೆಯುತ್ತಿದ್ದ.
ರಾತ್ರಿಶಾಲೆಯ ಕನ್ನಡ ನಾಟಕಕ್ಕೆ ಹೆಣ್ಣು ಸಿಗದೆ
ಅವನಿಗೇ ಸೀರೆ ಉಡಿಸಿದರಂತೆ.
ಇದೇ ಹಲಗೆಯ ಮೇಲೆ, ರಾಣಿ,
ಕೈಯ ಸೋಡಾಪುಡಿ ವಾಸನೆಗೆ ಅತ್ತರು ಬಳಿದುಕೊಂಡು.
ಮಾತಿನ ನಡುವೆ ಗಾಡಿ ಬಂತು.
ಹೆದರಿ ನಿಂತುಬಿಟ್ಟ. ಜನ ಅದನ್ನೇ ಅಭಿನಯವೆಂದು ತಿಳಿದು
ಚಪ್ಪಾಳೆಯೋ ಚಪ್ಪಾಳೆ.
ಊರಿಗೆ ಬರೆದ ಕಾಗದದಲ್ಲಿ
ಮೂವತ್ತು ರೂಪಾಯಿ ಮನಿಯಾರ್ಡರಿನ ಸುದ್ದಿ ಇತ್ತು,
ರಾಣಿಯ ಸುದ್ದಿ ಇರಲಿಲ್ಲ.

ಹೊಸಬರಿಗೆ ನಾವು ಮೊದಲು ಕಲಿಸುವುದು ನಿಲ್ಲುವುದನ್ನು.
ತೆಂಗಿನಕಾಯಿ ಒಡೆದು, ಮೂರನೆಯ ಗಂಟೆ ಬಾರಿಸಿ, ಪರದೆ ಸರಿದ ಮೇಲೆ
ಹಲಗೆ ಮೊದಲು ಅಂಗಾಲಿಗೆ ಹೇಳುತ್ತದೆ.
ಆಮೇಲೆ ಗೋಡೆ. ಆಮೇಲೆ ಕಿವಿ.
ಎತ್ತಿದ ಕೈ ಎತ್ತಿದಲ್ಲೇ, ಬಾಯಿಗೆ ಬಂದದ್ದು ಬಾಯಲ್ಲೇ,
ಕೊನೆಯ ಡಬ್ಬಿ ಹೋಗುವ ತನಕ.
ಪೇಡಣೇಕರ್ ಅದಕ್ಕೆ ಗಾಡಿಯ ಮಾತು ಎನ್ನುತ್ತಾರೆ.
“ಆಡಲಿ ಬಿಡಿ, ಅದಕ್ಕೂ ಒಂದು ಪಾತ್ರ. ಸಂಬಳ ಕೇಳುವುದಿಲ್ಲವಲ್ಲ.”
ನಾವು ಯಾರಿಗೂ ಕೊಡುವುದಿಲ್ಲ, ಅದು ಬೇರೆ.

ಮೊನ್ನೆ ಭಾನುವಾರ, ಎರಡು ಗಂಟೆಯ ಆಟ. ಮೆಗಾಬ್ಲಾಕ್.
ಟಿಕೆಟ್ಟು ನಲವತ್ತೊಂದು; ಮಿಕ್ಕವರು ಡೋಂಬಿವಲಿಯಲ್ಲೇ ಸಿಕ್ಕಿಬಿದ್ದಿದ್ದರು.
ಹಳಿಯ ಮೇಲೆ ಗ್ಯಾಂಗಿನವರು ಬುತ್ತಿ ಬಿಚ್ಚಿದ್ದರು.
ಎರಡನೆಯ ಅಂಕ. ಮಗಳ ಮುಂದೆ ಮುದುಕ ತಪ್ಪೊಪ್ಪುವ ದೃಶ್ಯ.
“ನಿನ್ನ ಅವ್ವನಿಗೆ ನಾನು” ಎಂದು ಪೇಡಣೇಕರ್ ಕೈ ಎತ್ತಿದರು.
ನಿಂತರು.

ಎಂಬತ್ತೊಂದು ವರ್ಷದ ಅಂಗಾಲು.
ಮೂರು ಇಪ್ಪತ್ತರ ಕಸಾರಾ ಫಾಸ್ಟು
ಅಲ್ಲಿಗೆ ಹೊತ್ತಿಗೆ ಸರಿಯಾಗಿ ಬಂದಿತ್ತು.
ಮರೆತರೇ?
ಮಗಳ ಪಾತ್ರದ ವೃಷಾಲಿ ಮಾತು ಎತ್ತಿಕೊಡಲು ಬಾಯಿ ತೆರೆದು
ಮುಚ್ಚಿಕೊಂಡಳು.
ದೀಪದ ಅಬ್ಬಾಸ್ ಗುಂಡಿಯಿಂದ ಬೆರಳು ತೆಗೆಯಲಿಲ್ಲ.
ನಲವತ್ತೊಂದು ಜನ, ಎಲ್ಲ ಈ ಓಣಿಯವರೇ,
ಬಾರದ ಗಾಡಿಗೆ ದಾರಿ ಬಿಟ್ಟು ಕೂತರು,
ಬಂದ ಕೆಮ್ಮು ನುಂಗಿಕೊಂಡು.
ಆಚೆ ಯಾರೋ ಹಳಿಗೆ ಸುತ್ತಿಗೆಯಿಂದ ಎರಡೇಟು.

ಬಾಗಿಲ ಬಳಿ ನಿಂತು ಡಬ್ಬಿ ಎಣಿಸಿದೆ.
ಹನ್ನೆರಡು.
ಅಪ್ಪನ ಕಾಲಕ್ಕೆ ಒಂಬತ್ತೇ ಇದ್ದವು.

ಕೈ ಇಳಿಸಿ ಪೇಡಣೇಕರ್
“ಅನ್ಯಾಯ ಮಾಡಿದೆ” ಎಂದರು.
ಯಾರೂ ಚಪ್ಪಾಳೆ ತಟ್ಟಲಿಲ್ಲ.

ಆಟ ಮುಗಿದು ಗೇಟು ಎಳೆಯುತ್ತಿದ್ದಾಗ
ಗ್ಯಾಂಗಿನವನೊಬ್ಬ ನೀರು ಕೇಳಿಕೊಂಡು ಬಂದ.
ಗಟಗಟ ಕುಡಿದು, ಮೀಸೆ ಒರೆಸಿ,
“ಒಳಗೆ ಅಷ್ಟು ಹೊತ್ತು ಗದ್ದಲ, ನಡುವೆ ಒಮ್ಮೆ
ಸತ್ತ ಹಾಗೆ ಸುಮ್ಮನಾಗಿಬಿಟ್ಟಿರಲ್ಲ, ಯಾಕೆ?” ಎಂದ.
“ಗಾಡಿ ಹೋಗುತ್ತಿತ್ತು” ಎಂದೆ.
ಅವನು ಲೋಟ ಕೈಯಲ್ಲೇ ಹಿಡಿದು
ಥಟ್ಟನೆ ಹಳಿಯತ್ತ ತಿರುಗಿ ನೋಡಿದ.